ನಾಯಕಿಯನ್ನು ಮರೆತ ಚರ್ಚೆ

ಗ್ರೀಕರು ಹೊರನಾಡಿನ ಹೆಂಗಸನ್ನು 'ಕ್ಸೆನೆ' ಎನ್ನುತ್ತಿದ್ದರು. ಹೊರನಾಡಿಗೂ ಅದೇ ಮಾತು ಸಲ್ಲುತ್ತಿತ್ತು. ಹೊರನಾಡಿನಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣೊಬ್ಬಳ ಪ್ರಹಸನ ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ಪರಿಚಿತ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಕ್ರಿ.ಶ. 2ನೆಯ ಶತಮಾನದ ಪಪೈರಸ್‌ನಲ್ಲಿ ಅದು ಉಳಿದಿದೆ. ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷವೇ ವಿದ್ವಾಂಸ ಹುಲ್ಟ್ಷ್, ಅದರಲ್ಲಿನ ಪರಭಾಷೆಯ ಮಾತು ಕನ್ನಡವಿರಬಹುದೆಂದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಆ ಜಾಡು ಹಿಡಿದರು. ಒಪ್ಪದವರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ.

ಆ ವಾದದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಪದಗಳು ನಮ್ಮವೋ ಅಲ್ಲವೋ ಎಂದು ತೂಗುವ ಭರದಲ್ಲಿ, ನಾಟಕವನ್ನು ನಾಟಕವಾಗಿ ಓದುವುದು ಹಿಂದೆ ಬಿತ್ತು.

ನಾಟಕದ ನಾಯಕಿ ಚಾರಿಷನ್ ಭಾರತದ ಕಡಲತಡಿಯ ದೊರೆಯೊಬ್ಬನ ವಶದಲ್ಲಿದ್ದಾಳೆ. ಅವಳನ್ನು ಬಿಡಿಸಲು ಒಡಹುಟ್ಟಿದವನು ಬರುತ್ತಾನೆ. ಗ್ರೀಕರು ದೊರೆಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಅಮಲೇರಿದ ದೊರೆ ಚಂದ್ರದೇವತೆಯ ಹೆಸರಿನಲ್ಲಿ ಕುಣಿಯುತ್ತಾನೆ. ಅವನನ್ನು ಕಟ್ಟಿಹಾಕಿ ಇವರು ಹಡಗು ಹತ್ತುತ್ತಾರೆ. ನಡುನಡುವೆ ವಾದ್ಯ ಬಡಿಯುವವರಿಗೆ ಸೂಚನೆ, ವಿದೂಷಕನ ಹೂಸಿನ ಹಾಸ್ಯ. ಪರಭಾಷೆಯ ಮಾತಿಗೂ ಅಲ್ಲಿ ನಗಿಸುವುದೇ ಕೆಲಸ. ಅದು ಕನ್ನಡವೇ ಆಗಿದ್ದರೆ ಈಜಿಪ್ಟಿನ ಪ್ರೇಕ್ಷಕರು ನಕ್ಕದ್ದು ನಮ್ಮವರನ್ನು ಕಂಡು. ಹೆಮ್ಮೆಪಡುವಾಗ ಇದೂ ನೆನಪಿರಲಿ.

ಈ ಕಥೆಯ ಹಿಂದೆ ಯೂರಿಪಿಡೀಸನ ನಾಟಕವೊಂದರ ನೆರಳಿದೆ. ಅಲ್ಲಿ ಇಫಿಗೇನಿಯಾ ತೌರಿಯನ್ನರ ನಾಡಿನಿಂದ ತಮ್ಮನೊಡನೆ ಪಾರಾಗುವಾಗ ಆರ್ಟೆಮಿಸ್ ದೇವಿಯ ವಿಗ್ರಹವನ್ನೇ ಹೊತ್ತೊಯ್ಯುತ್ತಾಳೆ. ಇಲ್ಲಿ ವಿದೂಷಕ ದೇವಿಯ ಕಾಣಿಕೆಗಳನ್ನು ಕದಿಯೋಣವೆಂದಾಗ ಚಾರಿಷನ್ ಗದರುತ್ತಾಳೆ. ಕಾಪಾಡೆಂದು ಬೇಡುವವರು ಗುಡಿಯ ಸೊತ್ತಿಗೆ ಕೈಹಾಕಬಾರದು ಎಂಬುದು ಅವಳ ನಿಲುವು. ಗಂಭೀರ ನಾಟಕದ ನಾಯಕಿ ಮಾಡಿದ್ದನ್ನು ಪ್ರಹಸನದ ನಾಯಕಿ ಒಲ್ಲೆನೆನ್ನುತ್ತಾಳೆ. ಅದೂ ತನ್ನನ್ನು ಹಿಡಿದಿಟ್ಟವರ ದೇವಿಯ ವಿಷಯದಲ್ಲಿ.

ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್', ಲಂಕೇಶರ 'ದೊರೆ ಈಡಿಪಸ್' ಮೂಲಕ ಗ್ರೀಕ್ ರುದ್ರನಾಟಕ ನಮ್ಮದಾಗಿದೆ. ಈ ಪ್ರಹಸನವನ್ನೂ ಯಾರಾದರೂ ರಂಗಕ್ಕೆ ತರಲಿ. ಆಗೊಂದು ಸೊಗಸಾದ ತೊಡಕು ಎದುರಾಗುತ್ತದೆ. ದೊರೆಯ ಮಾತನ್ನು ಕನ್ನಡವಾಗಿಸಿದರೆ ನಮ್ಮ ಪ್ರೇಕ್ಷಕರಿಗೆ ಅರ್ಥವಾಗುವುದು ಅವನೊಬ್ಬನೇ. ಪರಭಾಷೆ ಆಡುವ ಸರದಿ ಗ್ರೀಕರದಾಗುತ್ತದೆ. ಚಾರಿಷನ್ನಳ ಆ ಗದರಿಕೆ ಮಾತ್ರ ನಮ್ಮವರಿಗೆ ತಿಳಿಯುವಂತೆ ಆಡಿಸುವ ನಿರ್ದೇಶಕರಿಗೆ ನಮ್ಮ ಮೊದಲ ಚಪ್ಪಾಳೆ.