ಕಲೆಯಾದರೆ ಉಳಿವು, ಸಾಕ್ಷಿಯಾದರೆ ಕುಲುಮೆ

ಜಪಾನಿನಲ್ಲಿ ಅಜ್ಜ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಕತ್ತಿಯೊಂದು ಸಿಕ್ಕರೆ ಮೊದಲು ಪೊಲೀಸರಿಗೆ ತಿಳಿಸಬೇಕು. ಅವರು ಕೊಟ್ಟ ಚೀಟಿ ಹಿಡಿದು ಪ್ರಾಂತ್ಯದ ಶಿಕ್ಷಣ ಮಂಡಳಿಯ ತಪಾಸಣೆಗೆ ಹೋಗಬೇಕು. ಪರೀಕ್ಷಕರು ಹಿಡಿಯ ಬಿದಿರಿನ ಮೊಳೆ ತಟ್ಟಿ ತೆಗೆದು, ಒಳಗೆ ಅಡಗಿರುವ ತುಕ್ಕುಹಿಡಿದ ಬುಡವನ್ನು ನೋಡುತ್ತಾರೆ. ಅಲ್ಲಿ ‘ಶೋ’ ಅಕ್ಷರದ ಪುಟ್ಟ ಮುದ್ರೆ ಕಂಡರೆ ಸಾಮಾನ್ಯವಾಗಿ ಕಥೆ ಮುಗಿದಂತೆಯೇ. ಅದು ಯುದ್ಧಕಾಲದಲ್ಲಿ ಕಾರ್ಖಾನೆ ಉಕ್ಕಿನಿಂದ ಮಾಡಿದ ಶೋವಾತೊ. ಅದಕ್ಕೆ ನೋಂದಣಿಯಿಲ್ಲ, ಅದು ನಾಶಕ್ಕೇ ಹೋಗಬೇಕು.

1958ರ ಬಂದೂಕು-ಕತ್ತಿ ಕಾನೂನು ಕೇಳುವುದು ಒಂದೇ ಪ್ರಶ್ನೆ: ಇದು ಕಲಾವಸ್ತುವೇ? ತಮಾಹಾಗನೆ ಉಕ್ಕನ್ನು ಮಡಿಸಿ ಬಡಿದು ಸಾಂಪ್ರದಾಯಿಕವಾಗಿ ಮಾಡಿದ್ದಾದರೆ ಪಾಸು, ಇಲ್ಲದಿದ್ದರೆ ಫೇಲು. ಈಗ ಯುದ್ಧದಲ್ಲಿ ಮಡಿದವರನ್ನು ಪೂಜಿಸುವ ಟೋಕಿಯೊದ ಯಾಸುಕುನಿ ದೇಗುಲದ ಕತ್ತಿಗಳನ್ನು ನೋಡಿ. 1933ರಿಂದ 1945ರವರೆಗೆ ಅದರ ಆವರಣದಲ್ಲೇ ಸೇನೆಯ ಅಧಿಕಾರಿಗಳಿಗಾಗಿ ಸುಮಾರು 8,100 ಕತ್ತಿಗಳು ತಯಾರಾದವು. ತಮಾಹಾಗನೆಯಿಂದ ಮಾಡಿದ್ದರಿಂದ ಅವು ಕಲೆ ಎನಿಸಿಕೊಂಡು, ನೋಂದಣಿ ಪತ್ರದೊಡನೆ ಮಾರಾಟವೂ ಆಗುತ್ತವೆ. ಅದೇ ಯುದ್ಧಕ್ಕೆ ಹೋದ ಹವಾಲ್ದಾರನ ಅಗ್ಗದ ಕತ್ತಿಗೆ ಮಾತ್ರ ಕುಲುಮೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

1945ರಲ್ಲಿ ಅಮೆರಿಕದ ಸೇನೆ ಊರೂರಿನ ಕತ್ತಿಗಳನ್ನು ಕಸಿದು ರಾಶಿ ಹಾಕುತ್ತಿದ್ದಾಗ, ಹೊನ್ಮಾ ಜುಂಜಿಯಂಥ ತಜ್ಞರು ‘ಇವು ಆಯುಧವಲ್ಲ, ಕಲೆ’ ಎಂದು ವಾದಿಸಿ ಸಾವಿರಾರನ್ನು ಉಳಿಸಿದರು. ಆ ಹೊತ್ತಿಗೆ ಅದು ಜಾಣ ವಾದ. ಆದರೆ ಆಪತ್ಕಾಲದಲ್ಲಿ ಹೂಡಿದ ವಾದವೇ ಶಾಶ್ವತ ಜರಡಿಯಾಗಿ ಕೂತಿದೆ. ಜರಡಿಯಲ್ಲಿ ಉಳಿಯುವುದು ಚೆಂದದ್ದು, ಜಾರಿಹೋಗುವುದು ಯುದ್ಧದ ಗುರುತು.

ಸುರಕ್ಷತೆಯ ನೆಪ ನನಗೆ ಒಪ್ಪಿಗೆಯಿಲ್ಲ. ನಾನೂರು ವರ್ಷದ ಕಟಾನಾ ಕತ್ತು ಕೊಯ್ಯುವುದಿಲ್ಲವೇ? ಹಾಗೆಂದು ಯುದ್ಧಕಾಲದ ಈ ಕತ್ತಿಗಳಿಗೆ ವೀರಗಾಥೆಯ ಹೂಮಾಲೆ ಹಾಕಲು ಹೊರಟವರ ಜೊತೆಗೂ ನಾನಿಲ್ಲ. ನ್ಯೂಗಿನಿಯ ಐತಾಪೆಯ ಕಡಲತೀರದಲ್ಲಿ, 1943ರಲ್ಲಿ, ಕಣ್ಣು ಕಟ್ಟಿ ಮಂಡಿಯೂರಿಸಿದ ಆಸ್ಟ್ರೇಲಿಯದ ಸೈನಿಕ ಲೆನರ್ಡ್ ಸಿಫ್ಲೀಟ್‌ನ ಹಿಂದೆ ಕತ್ತಿ ಎತ್ತಿ ನಿಂತವನ ಫೋಟೊ ಜಗತ್ತೇ ನೋಡಿದೆ. ಇವನ್ನು ಉಳಿಸಬೇಕೆನ್ನುವುದು ಇಂಥದಕ್ಕೆ ಸಾಕ್ಷಿ ಬೇಕೆಂದೇ.

ತಮಾಷೆ ಎಂದರೆ, ಸೋತು ಒಪ್ಪಿಸಿದ ಕತ್ತಿಗಳು ಗೆದ್ದವರ ಮನೆಯಲ್ಲಿ ಸುಖವಾಗಿವೆ. ಬರ್ಮಾದಲ್ಲಿ ಶರಣಾದ ಜನರಲ್ ಕಿಮುರಾನ ಕತ್ತಿಯನ್ನು ಬ್ರಿಟಿಷ್ ಸೇನಾಪತಿ ಸ್ಲಿಮ್ ತನ್ನ ಮನೆಯ ಅಗ್ಗಿಷ್ಟಿಕೆಯ ಮೇಲೆ ಇಟ್ಟುಕೊಂಡ. ಯುದ್ಧಾಪರಾಧಿಯೆಂದು 1948ರಲ್ಲಿ ನೇಣಿಗೇರಿದ ಆ ಕಿಮುರಾ, 1978ರಿಂದ ಅದೇ ಯಾಸುಕುನಿಯಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಅಪರಾಧಿಗೆ ಗುಡಿಯಲ್ಲಿ ಜಾಗವಿದೆ, ಆ ಸೇನೆಯ ಕಬ್ಬಿಣಕ್ಕೆ ಊರಲ್ಲಿ ಜಾಗವಿಲ್ಲ.

ಖಾಸಗಿಯವರಿಗೆ ಮಾರಲು ಬಿಡುವುದು ಬೇಡ. ‘ಇತಿಹಾಸದ ದಾಖಲೆ’ ಎಂಬ ಎರಡನೇ ಪಟ್ಟಿ ಮಾಡಿ, ವಸ್ತುಸಂಗ್ರಹಾಲಯಗಳಿಗೆ ಸೇರಿಸಲಿ. ಎಲ್ಲವನ್ನೂ ಇಡಲು ಜಾಗವಿಲ್ಲವೇ? ಹಾಗಿದ್ದರೆ ಕರಗಿಸುವ ಮುನ್ನ ಫೋಟೊ ತೆಗೆಯಲಿ, ಯಾರದು, ಯಾವ ತುಕಡಿ ಎಂದು ಮನೆಯವರನ್ನು ಕೇಳಿ ಬರೆದಿಡಲಿ. ಹವಾಲ್ದಾರರಿಗೆ ಕೊಡುತ್ತಿದ್ದ 95ನೇ ಮಾದರಿಯ ಕತ್ತಿಗಳಿಗಂತೂ ಅಲಗಿನ ಮೇಲೇ ಕ್ರಮಸಂಖ್ಯೆ ಒತ್ತಿದೆ. ತಪಾಸಣೆ ನಡೆಸುವುದು ಪೊಲೀಸ್ ಇಲಾಖೆಯಲ್ಲ, ಶಿಕ್ಷಣ ಮಂಡಳಿ. ಇಷ್ಟು ಪಾಠ ಬರೆದಿಡಲು ಅದಕ್ಕೆ ಹೊಸ ಕಾನೂನು ಬೇಕೇ?