ರಾಕ್ ಸಂಗೀತದ ಸಂಜೆಗೆ ಹೋಗುವಿರಾ? ಕಿವಿ ಜೋಪಾನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವುದೇ ಓಣಿಗೆ ಹೋಗಿ ಕೇಳಿ ನೋಡಿ, ಓದಲಿಕ್ಕೋ ನೌಕರಿಗೋ ಬೆಂಗಳೂರು ಸೇರಿದ ಮಗನೋ ಮಗಳೋ ಒಬ್ಬರಾದರೂ ಇರುತ್ತಾರೆ. ಅಲ್ಲಿ ಗೆಳೆಯರು ದೊಡ್ಡ ರಾಕ್ ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆಸುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆ ತಂಡದ ಎರಡು ಹಾಡು ಮಾತ್ರ ಗೊತ್ತಿದ್ದವರೂ ಜೊತೆಯಲ್ಲಿ ಹೋಗುತ್ತಾರೆ. ಈ ವಾರ ನಾನು ಬರೆಯುತ್ತಿರುವುದು ಇಂಥವರಿಗಾಗಿ, ಮತ್ತು ಇಂಥವರ ತಂದೆ-ತಾಯಿಗಳಿಗಾಗಿ.

ಬೆಂಗಳೂರಿಗೆ ಇದು ಹೊಸದಲ್ಲ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿ ಹೋದವು. "ಅದು ನಮ್ಮ ಸಂಗೀತವಲ್ಲ, ಬರೀ ಗದ್ದಲ" ಎಂದು ಹಿರಿಯರು ಮೂಗು ಮುರಿಯುವುದುಂಟು. ವೈದ್ಯನಾಗಿ ನನಗೆ ಆ ತಕರಾರಿಲ್ಲ. ಸಾವಿರಾರು ಜನರೊಡನೆ ದನಿಗೂಡಿಸಿ ಹಾಡುವುದು ಮನಸ್ಸಿಗೆ ಹಿತ. ಅಲ್ಲದೆ ಕಿವಿಗೆ ರಾಕ್ ಯಾವುದು, ಹಲಗಿ ಯಾವುದು ಎಂಬ ಭೇದವಿಲ್ಲ. ಸದ್ದು ಎಷ್ಟು ಜೋರು, ಎಷ್ಟು ಹೊತ್ತು ಎಂಬ ಲೆಕ್ಕ ಮಾತ್ರ ಅದಕ್ಕೆ ತಿಳಿಯುತ್ತದೆ.

ನಮ್ಮ ಒಂದೊಂದು ಒಳಕಿವಿಯಲ್ಲೂ ಕೂದಲೆಳೆಯಂಥ ತುದಿಯುಳ್ಳ ಸುಮಾರು 15,000 ಸೂಕ್ಷ್ಮ ಕೋಶಗಳಿವೆ. ಸದ್ದಿನ ಅಲೆಗೆ ಇವು ಬಾಗಿ, ಆ ಸಂದೇಶವನ್ನು ನರದ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಬಿರುಗಾಳಿಗೆ ಜೋಳದ ಬೆಳೆ ಒರಗುವಂತೆ ಅತಿಯಾದ ಸದ್ದಿಗೆ ಇವೂ ಒರಗುತ್ತವೆ. ಕೆಲವು ಮತ್ತೆ ಎದ್ದು ನಿಲ್ಲುತ್ತವೆ, ಕೆಲವು ಸತ್ತೇ ಹೋಗುತ್ತವೆ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸುವ ಮಾತ್ರೆಯಾಗಲಿ ಟಾನಿಕ್ ಆಗಲಿ ಇಲ್ಲ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಮುಂದೆ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ 15 ನಿಮಿಷ. ರಾಕ್ ಕಾರ್ಯಕ್ರಮದಲ್ಲಿ 100 ಡೆಸಿಬೆಲ್ ಸಾಮಾನ್ಯ. ಅಲ್ಲಿ ಎರಡು ಗಂಟೆ ನಿಂತರೆ ಎಂಟು ದಿನಗಳ ಪಾಲನ್ನು ಒಂದೇ ಸಂಜೆ ಕಿವಿಗೆ ಸುರಿದಂತೆ. ಅತಿಯಾದರೆ ಅಮೃತವೂ ವಿಷ.

ಖಾಯಂ ಅಭಿಮಾನಿಗಿಂತ ಹೀಗೆ ಜೊತೆಗೆ ಹೋದವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಹತ್ತಾರು ಕಾರ್ಯಕ್ರಮ ಕಂಡವನು ಎಲ್ಲಿ ನಿಲ್ಲಬೇಕೆಂದು ಅರಿತಿರುತ್ತಾನೆ, ಹಲವೊಮ್ಮೆ ಕಿವಿಗೆ ಇಯರ್‌ಪ್ಲಗ್ ಇಟ್ಟಿರುತ್ತಾನೆ. ಹೊಸಬನನ್ನು ಗೆಳೆಯರು ಧ್ವನಿವರ್ಧಕದ ಮುಂದಕ್ಕೇ ಎಳೆದೊಯ್ಯುತ್ತಾರೆ. ಹಿಂದೆ ಸರಿಯಲು ಅವನಿಗೆ ಸಂಕೋಚ. ಸಂಕೋಚಪಡುವ ಕಾರಣವೇ ಇಲ್ಲ. ಮೆಟಾಲಿಕಾದ ಡ್ರಮ್ ವಾದಕ ಲಾರ್ಸ್ ಉಲ್ರಿಚ್ ಅವರೇ ತಮ್ಮ ಕಿವಿ ಮೊರೆತದ ಕಷ್ಟವನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ನುಡಿಸುವವರೇ ಕಿವಿ ಕಾಪಾಡಿಕೊಳ್ಳುವಾಗ ಕೇಳುವವರಿಗೇಕೆ ನಾಚಿಕೆ?

ಮಾಡಬೇಕಾದದ್ದು ಇಷ್ಟೇ. ಔಷಧಿ ಅಂಗಡಿಯಲ್ಲಿ ಕೇಳಿ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಕೊಳ್ಳಿ. ಅದನ್ನು ಬೆರಳುಗಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದುಕೊಳ್ಳಿ. ಸರಿಯಾಗಿ ಕೂತರೆ 15 ಡೆಸಿಬೆಲ್ ತಗ್ಗುವುದು ಕಷ್ಟವಲ್ಲ. ಆಗ 100 ಇದ್ದದ್ದು 85 ಆಗುತ್ತದೆ, ಹದಿನೈದು ನಿಮಿಷದ ಮಿತಿ ಎಂಟು ಗಂಟೆಗೆ ಹಿಗ್ಗುತ್ತದೆ. ಹಾಡು ಆಗಲೂ ಚೆನ್ನಾಗಿಯೇ ಕೇಳುತ್ತದೆ. ಹತ್ತಿ ತುರುಕಿದರೆ ಇಷ್ಟು ಪ್ರಯೋಜನವಿಲ್ಲ. ಧ್ವನಿವರ್ಧಕಗಳಿಂದ ದೂರ ನಿಲ್ಲಿ. ನಡುನಡುವೆ ಹೊರಬಂದು ಕಿವಿಗೆ ವಿಶ್ರಾಂತಿ ಕೊಡಿ, ನೀರು ಕುಡಿಯಿರಿ. ಒಳಹೋದ ಕೂಡಲೇ ಹೊರಹೋಗುವ ದಾರಿಗಳನ್ನು ನೋಡಿಟ್ಟುಕೊಳ್ಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿಗೆ 11 ಜನ ಬಲಿಯಾದದ್ದು ಕ್ರಿಕೆಟ್ ಸಂಭ್ರಮದಲ್ಲಿ. ಆದರೆ ಜನಜಂಗುಳಿಯ ಅಪಾಯ ಎಲ್ಲ ಕಡೆಯೂ ಒಂದೇ.

ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಮೊರೆತ, ಅರಳೆ ತುಂಬಿದಂಥ ಮಂದತೆ ಕಂಡರೆ ಅದು ಒಳಕಿವಿಗೆ ಪೆಟ್ಟು ಬಿದ್ದ ಸೂಚನೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಒಂದು ಕಿವಿ ದಿಢೀರನೆ ಕೇಳದಾದರೆ ಅಂದೇ ಹೋಗಿ, ಏಕೆಂದರೆ ಚಿಕಿತ್ಸೆ ಫಲಿಸುವುದು ಮೊದಲ ಕೆಲವು ದಿನಗಳಲ್ಲಿ. ಕಿವಿಗೆ ಎಣ್ಣೆ ಕಾಯಿಸಿ ಹಾಕುವುದರಿಂದ ಏನೂ ಸಿಗದು. ನಮ್ಮ ಭಾಗದ ಎಷ್ಟೋ ಹುಡುಗರು ಸೈನ್ಯ, ಪೊಲೀಸ್, ರೈಲ್ವೆ ನೌಕರಿಯ ಆಸೆ ಇಟ್ಟುಕೊಂಡವರು. ಅಲ್ಲಿನ ವೈದ್ಯಕೀಯ ಪರೀಕ್ಷೆಯಲ್ಲಿ ಕಿವಿಯನ್ನೂ ನೋಡುತ್ತಾರೆಂಬುದು ನೆನಪಿರಲಿ.

ಎಲ್ಲ ಹೊಣೆಯನ್ನೂ ಕೇಳುಗನ ಮೇಲೆ ಹೊರಿಸುವುದು ನ್ಯಾಯವಲ್ಲ. ಇಂಥ ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು, ಇಯರ್‌ಪ್ಲಗ್ ದೊರೆಯಬೇಕು, ಕಿವಿಗೆ ವಿಶ್ರಾಂತಿಯ ಜಾಗವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿತು. ಸಾವಿರಾರು ರೂಪಾಯಿ ಟಿಕೆಟ್ ಮಾರುವವರಿಗೆ ಒಂದು ಜೊತೆ ಇಯರ್‌ಪ್ಲಗ್ ಕೊಡುವುದು ಭಾರವಲ್ಲ. ಪರವಾನಗಿ ಕೊಡುವಾಗಲೇ ಸರ್ಕಾರ ಇದನ್ನು ಷರತ್ತಾಗಿ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಬೆಂಗಳೂರನ್ನು ದೂರುವ ಮೊದಲು ನಮ್ಮ ಓಣಿಯನ್ನೂ ನೋಡಿಕೊಳ್ಳೋಣ. ಮದುವೆ ಮೆರವಣಿಗೆ, ಗಣೇಶ ವಿಸರ್ಜನೆಗಳಲ್ಲಿ ಡಿಜೆ ಹಿಂದೆ ಕುಣಿಯುವ ಚಿಕ್ಕ ಮಕ್ಕಳ ಕಿವಿಗೆ ಟಿಕೆಟ್ಟೂ ಇಲ್ಲ, ರಕ್ಷಣೆಯೂ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚಬಾರದೆಂಬ ಶಬ್ದಮಾಲಿನ್ಯ ನಿಯಮ 2000ರಿಂದಲೂ ಇದೆ. ಅದನ್ನು ಪಾಲಿಸಲು ಪೊಲೀಸರೇ ಬರಬೇಕೆಂದಿಲ್ಲ, ಊರಿನ ನಾಲ್ಕು ಹಿರಿಯರು ಮನಸ್ಸು ಮಾಡಿದರೆ ಸಾಕು.

ಆದ್ದರಿಂದ ಮಗ ಫೋನ್ ಮಾಡಿ "ಅಪ್ಪಾ, ಶನಿವಾರ ಸಂಗೀತಕ್ಕೆ ಹೋಗ್ತೀನಿ" ಎಂದರೆ ಬೈಯಬೇಡಿ. ಹೋಗಿ ಬಾ ಎನ್ನಿ. ಇಯರ್‌ಪ್ಲಗ್ ಕೊಂಡೆಯಾ ಎಂದು ಮಾತ್ರ ತಪ್ಪದೇ ಕೇಳಿ.