ಕಡಿದ ಎಳೆ ಎಲ್ಲಿ?

ಮಗುವಿಗೆ ಮೈ ಬಿಸಿಯಾದರೆ ತಾಯಿಯಾದವಳು ಮೊದಲು ಹಣೆಯನ್ನು ಮುಟ್ಟಿ ನೋಡುತ್ತಾಳೆ. ನಾಲಗೆ ಚಾಚಿಸಿ ನೋಡುತ್ತಾಳೆ. ನಿನ್ನೆ ಏನು ತಿಂದಿತ್ತೆಂದು ನೆನೆಯುತ್ತಾಳೆ. ಶಸ್ತ್ರಚಿಕಿತ್ಸೆಯ ಮಾತನ್ನು ಆಕೆ ಮೊದಲಿಗೇ ಎತ್ತುವುದಿಲ್ಲ. ಆದರೆ ಮನೆಯ ಗಣಕಯಂತ್ರವು ಒಂದು ಬೆಳಿಗ್ಗೆ ಏಳಲೊಲ್ಲೆನೆಂದು ಮುನಿಸಿಕೊಂಡಾಗ ಇಷ್ಟು ವಿವೇಕವನ್ನು ಉಳಿಸಿಕೊಳ್ಳುವ ಮನೆಗಳು ವಿರಳ. ಗುಂಡಿಯನ್ನು ಹತ್ತು ಸಾರಿ ಒತ್ತುವವರುಂಟು. ಪೆಟ್ಟಿಗೆಯ ನೆತ್ತಿಯ ಮೇಲೆ ಎರಡೇಟು ಹಾಕುವವರುಂಟು. ಆ ಕ್ಷಣವೇ ಹೊಸ ಯಂತ್ರದ ಬೆಲೆಯನ್ನು ವಿಚಾರಿಸುವವರೂ ಉಂಟು.

ಚಳ್ಳಕೆರೆಯ ಒಂದು ಮನೆಯಲ್ಲಿ ನಡೆದುದು ಇಂಥದೇ ಪ್ರಸಂಗ. ಕಡಲೆಕಾಯಿ ಎಣ್ಣೆಯ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಮನೆಯ ಯಜಮಾನರು ಎಣ್ಣೆ ಗಿರಣಿಯೊಂದರ ಲೆಕ್ಕಪತ್ರ ನೋಡುವವರು. ಅವರ ಪತ್ನಿಯ ತವರು ಮೊಳಕಾಲ್ಮೂರು. ಮಾವನವರು ರೇಷ್ಮೆ ಸೀರೆ ನೇಯ್ದು ತಲೆ ನರೆತವರು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯುವುದಕ್ಕೆ ಬಹುಕಾಲ ಮುಂಚೆಯೇ ಅವರು ಚೌಕುಳಿ ಕಾಗದದ ಮೇಲೆ ಅಂಚು ಸೆರಗುಗಳ ನಕ್ಷೆಗಳನ್ನು ಬರೆದು ಕೂಡಿಟ್ಟಿದ್ದರು. ಅವುಗಳಲ್ಲಿ ಕೆಲವನ್ನು ಗೆದ್ದಲು ತಿಂದಿತು. ಉಳಿದವನ್ನಾದರೂ ಕಾಪಾಡೋಣವೆಂದು ಅಳಿಯಂದಿರು ಒಂದೊಂದರ ಚಿತ್ರವನ್ನೂ ತೆಗೆದು ಗಣಕಯಂತ್ರದಲ್ಲಿ ಸೇರಿಸಿದರು. ಮುಂದೊಂದು ಮಳೆಗಾಲದಲ್ಲಿ ಮಾಳಿಗೆ ಸೋರಿ ಮೂಲ ಕಾಗದಗಳೂ ಮುದ್ದೆಯಾದವು. ನಲವತ್ತು ವರ್ಷಗಳ ಕೈಕೆಲಸವೆಲ್ಲ ಆ ಒಂದು ಪೆಟ್ಟಿಗೆಯ ಹೊಟ್ಟೆಯಲ್ಲಿ ಉಳಿಯಿತು.

ಈಗ ಮದುವೆಯ ಸೀರೆಯೊಂದಕ್ಕೆ ಬೇಡಿಕೆ ಬಂದಿತ್ತು. ವಧುವಿನ ಅಜ್ಜಿ ಉಟ್ಟಿದ್ದ ಅಂಚೇ ಬೇಕೆಂಬುದು ಅವರ ಆಸೆ. ಮುಂಗಡವೂ ಕೈಸೇರಿತ್ತು, ನಕ್ಷೆಗಾಗಿ ಮಗ್ಗ ಕಾದಿತ್ತು. ಆ ಹೊತ್ತಿಗೇ ಯಂತ್ರ ಕಣ್ಣು ತೆರೆಯದಾಯಿತು. ದೀಪ ಹತ್ತುತ್ತದೆ, ಒಳಗೆ ಪಂಕ ತಿರುಗುತ್ತದೆ. ತೆರೆಯ ಮೇಲೆ ಮಾತ್ರ ಕತ್ತಲೆ. ಪೇಟೆಯಿಂದ ಬಂದ ದುರಸ್ತಿಗಾರ ಎರಡು ನಿಮಿಷ ನಿಂತು ನೋಡಿ, "ಮದರ್‌ಬೋರ್ಡ್ ಹೋಗಿದೆ ಸಾರ್. ಹಳೆಯದನ್ನು ಕೊಟ್ಟುಬಿಡಿ, ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳೋಣ" ಎಂದು ತೀರ್ಪು ಕೊಟ್ಟು ಹೋದ.

ಸುದ್ದಿ ತಿಳಿದ ವೃದ್ಧರು ಮರುದಿನ ಮೊದಲ ಬಸ್ಸಿಗೇ ಬಂದಿಳಿದರು.

"ಏನು ಮಾಡುವುದು ಮಾವ, ಅದು ಸತ್ತುಹೋಯಿತಂತೆ" ಎಂದರು ಅಳಿಯಂದಿರು. "ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯ ದೊಡ್ಡ ದೊಡ್ಡ ಪಂಡಿತರಿದ್ದಾರೆ, ಅವರೇ ಬಂದು ಜೀವ ಕೊಡಬೇಕಷ್ಟೆ."

"ಸತ್ತಿತೋ ಮಲಗಿತೋ ನಾಡಿ ಹಿಡಿದು ನೋಡಿದವರು ಯಾರು?" ಎಂದರು ವೃದ್ಧರು. "ಮಗ್ಗ ನಿಂತರೆ ನಾವು ಹಾಸನ್ನೇ ಕತ್ತರಿಸಿ ಎಸೆಯುತ್ತೇವೆಯೇ? ಎಳೆ ಎಲ್ಲಿ ಕಡಿದಿದೆ ಎಂದು ಕೈಯಾಡಿಸಿ ನೋಡುತ್ತೇವೆ. ಇದಕ್ಕೂ ಒಂದು ಹಾಸು ಇರಬೇಕಲ್ಲ?"

ಪಿಯುಸಿ ಓದುತ್ತಿದ್ದ ಮೊಮ್ಮಗಳಿಗೆ ಆ ಮಾತು ನಾಟಿತು. "ಇದೆ ತಾತ. ನೀವು ಕೇಳುತ್ತಾ ಹೋಗಿ, ನಾನು ನೋಡಿ ಹೇಳುತ್ತೇನೆ" ಎಂದಳು.

ವೃದ್ಧರ ಊಹೆ ಸರಿಯಾಗಿಯೇ ಇತ್ತು. ಗಣಕಯಂತ್ರವು ಎಚ್ಚರಗೊಳ್ಳುವುದು ಒಂದೇ ಏಟಿಗೆ ಅಲ್ಲ, ಅದಕ್ಕೊಂದು ಕ್ರಮವುಂಟು. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಒಳಪೆಟ್ಟಿಗೆ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಹಂಚುತ್ತದೆ. ಆಗ ಯಂತ್ರ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ರ‍್ಯಾಮ್ ಎಂಬ ತಾತ್ಕಾಲಿಕ ನೆನಪು ಸರಿಯಾಗಿದೆಯೇ, ಚಿತ್ರವನ್ನು ತೆರೆಗೆ ಕಳುಹಿಸುವ ಭಾಗ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಂಡ ಮೇಲೆಯೇ ಹಾರ್ಡ್ ಡಿಸ್ಕಿನಲ್ಲಿ ನೆಲೆಸಿರುವ ಕಾರ್ಯವ್ಯವಸ್ಥೆಯನ್ನು ಕರೆಯುತ್ತದೆ. ಹಿಂದಿನವನು ಲಾಳಿಯನ್ನು ಕೊಡದೆ ಮುಂದಿನವನು ನೇಯಲಾರ. ಆದ್ದರಿಂದ ಯಂತ್ರ ಎಲ್ಲಿಯವರೆಗೆ ಬಂದು ನಿಂತಿತೆಂಬುದನ್ನು ಗುರುತಿಸಿದರೆ ಅರ್ಧ ರೋಗ ಕೈಗೆ ಸಿಕ್ಕಂತೆಯೇ.

ಈ ನಿಲುಗಡೆಗಳು ಮುಖ್ಯವಾಗಿ ಮೂರು. ದೀಪವೂ ಇಲ್ಲ, ಸದ್ದೂ ಇಲ್ಲವೆಂದರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ. ಅದೇ ಪ್ಲಗ್ಗಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡಬೇಕು. ಯುಪಿಎಸ್ಸನ್ನು ಬದಿಗಿಟ್ಟು ನೇರವಾಗಿ ಗೋಡೆಯಿಂದ ವಿದ್ಯುತ್ ಕೊಟ್ಟು ನೋಡಬೇಕು. ಪೆಟ್ಟಿಗೆಯ ಬೆನ್ನಿನ ಪುಟ್ಟ ಸ್ವಿಚ್ಚನ್ನು ಕಸ ಗುಡಿಸುವವರ ಕೈ ಆರಿಸಿದೆಯೇ ಎಂದು ನೋಡಬೇಕು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಸತ್ಯವಾಗುವುದು ಇಲ್ಲಿಯೇ. ಎಸ್‌ಎಂಪಿಎಸ್ ಮಾತ್ರ ಮನೆಯವರು ಬಿಚ್ಚತಕ್ಕದ್ದಲ್ಲ. ವಿದ್ಯುತ್ ತಪ್ಪಿಸಿದ ಮೇಲೂ ಅದರೊಳಗೆ ಆಘಾತ ಕೊಡುವಷ್ಟು ವಿದ್ಯುತ್ ಉಳಿದಿರಬಹುದು. ದೀಪ, ಸದ್ದು ಎರಡೂ ಇದ್ದು ಚಿತ್ರವಿಲ್ಲವೆಂದರೆ ಅದು ಎರಡನೆಯ ನಿಲುಗಡೆ. ಚಿತ್ರವೂ ಬಂದು, ಕಾರ್ಯವ್ಯವಸ್ಥೆ ಸಿಗಲಿಲ್ಲವೆಂಬ ಬರಹ ಕಂಡರೆ ಅದು ಮೂರನೆಯದು. ಅಲ್ಲಿ ಹಲವು ವೇಳೆ ತಪ್ಪು, ಯಾರೋ ಸಿಕ್ಕಿಸಿ ಮರೆತ ಪೆನ್ ಡ್ರೈವಿನದಾಗಿರುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದರೆ ಮಾತ್ರ ಯಂತ್ರವನ್ನು ಕೂಡಲೇ ಆರಿಸಬೇಕು; ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನ ಬರಹ ಅಳಿಸುವ ಭಯವುಂಟು.

ಚಳ್ಳಕೆರೆಯ ಮನೆಯ ಯಂತ್ರ ಎರಡನೆಯ ನಿಲುಗಡೆಯಲ್ಲಿ ನಿಂತಿತ್ತು.

"ತೆರೆ ಸರಿಯಾಗಿದೆಯೋ?" ಎಂದು ಕೇಳಿದರು ತಾತ. ಹುಡುಗಿ ತೆರೆಯ ಕೇಬಲನ್ನು ಕಳಚಿ, ತೆರೆಯನ್ನಷ್ಟೇ ಹಚ್ಚಿದಳು. ಸಂಕೇತ ಬರುತ್ತಿಲ್ಲವೆಂಬ ಬರಹ ಮೂಡಿತು. ಅಂದರೆ ತೆರೆಗೆ ಜೀವವಿದೆ. ಕೇಬಲನ್ನು ಮತ್ತೆ ಬಿಗಿಯಾಗಿ ಸಿಕ್ಕಿಸಿದರೂ ಕತ್ತಲೆ ಹೋಗಲಿಲ್ಲ.

"ಅದೇನೋ ಕೂಗುತ್ತಿದೆಯಲ್ಲ?"

ಪಂಕದ ಸದ್ದಿನ ನಡುವೆ ಸಣ್ಣದೊಂದು ಬೀಪ್ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಎರಡು ದಿನಗಳಿಂದ ಅದು ಕೂಗುತ್ತಲೇ ಇತ್ತು, ಕಿವಿಗೊಟ್ಟವರಿರಲಿಲ್ಲ. ತೆರೆಯ ಮೇಲೆ ಬರೆದು ಹೇಳಲಾರದ ಯಂತ್ರ ತನ್ನ ನೋವನ್ನು ಹೇಳಿಕೊಳ್ಳುವುದು ಹೀಗೆ. ಈ ಕೂಗಿನ ಅರ್ಥ ಒಬ್ಬೊಬ್ಬ ತಯಾರಕರಿಗೆ ಒಂದೊಂದು ಬಗೆ. ಹುಡುಗಿ ಯಂತ್ರದ ಜೊತೆ ಬಂದಿದ್ದ ಕೈಪಿಡಿಯನ್ನು ಹುಡುಕಿ ತೆಗೆದಳು. ರ‍್ಯಾಮಿನಲ್ಲಿ ದೋಷವೆಂದು ಅದರಲ್ಲಿ ಬರೆದಿತ್ತು. ಮದರ್‌ಬೋರ್ಡ್ ಸತ್ತಿದ್ದರೆ ರೋಗವನ್ನು ಹೆಸರಿಸಿ ಹೇಳುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು?

ಅವಳು ಪ್ಲಗ್ಗನ್ನು ಕಿತ್ತಳು. ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟಳು. ಬೆರಳಿನ ಸ್ಥಾಯೀವಿದ್ಯುತ್ ಒಳಭಾಗಗಳಿಗೆ ತಾಕದಿರಲೆಂದು ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿದಳು. ಮುಚ್ಚಳ ತೆಗೆದಾಗ ಕಂಡುದು ಬಯಲುಸೀಮೆಯ ನಾಲ್ಕು ಬೇಸಿಗೆಗಳ ಧೂಳು. ಮಳೆ ಕಡಿಮೆಯಾದ ಆ ನಾಡಿನ ಗಾಳಿ ಪಂಕದ ದಾರಿಯಲ್ಲಿ ಒಳನುಗ್ಗಿ ಹಾಸಿಗೆ ಹಾಸಿಕೊಂಡಿತ್ತು. ರ‍್ಯಾಮಿನ ಪಟ್ಟಿಯ ಹೊಂಬಣ್ಣದ ಹಲ್ಲುಗಳು ಮಂಕಾಗಿದ್ದವು. ಧೂಳನ್ನು ಮೆತ್ತನೆಯ ಕುಂಚದಿಂದ ಸರಿಸಿ, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪಟ್ಟಿಯನ್ನು ಎರಡೂ ಕಡೆ ಕಟಕ್ಕೆನ್ನುವಂತೆ ಕೂರಿಸಿದಳು.

ತಾತ ಈ ನಡುವೆ ಸುಮ್ಮನಿರಲಿಲ್ಲ. ಇಷ್ಟೆಲ್ಲ ಬುದ್ಧಿ ಈ ಪೆಟ್ಟಿಗೆಗೆ ಎಲ್ಲಿಂದ ಬಂತೆಂದು ಕೇಳಿದರು. "ನಿಮ್ಮ ಮಗ್ಗದಿಂದಲೇ ತಾತ" ಎಂದಳು ಹುಡುಗಿ. ಅದು ಮುಖಸ್ತುತಿಯಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಮಗ್ಗದಲ್ಲಿ, ಯಾವ ಎಳೆ ಮೇಲೇಳಬೇಕೆಂಬುದನ್ನು ರಟ್ಟಿನ ಪಟ್ಟಿಗಳ ತೂತುಗಳೇ ಹೇಳುತ್ತಿದ್ದವು. ಇಂಗ್ಲೆಂಡಿನ ಬಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟುಗಳನ್ನೇ ಎರವಲು ಪಡೆಯಲು ಬಯಸಿದ. ಮುಂದೆ ಬಹುಕಾಲ ಗಣಕಯಂತ್ರಗಳಿಗೆ ಆಜ್ಞೆ ಕೊಟ್ಟುದೂ ತೂತಿನ ರಟ್ಟುಗಳೇ. ಯಂತ್ರದ ದೋಷಕ್ಕೆ ಹುಳುವೆಂಬ ಅಡ್ಡಹೆಸರು ಮೊದಲೇ ಇದ್ದರೂ, 1947ರಲ್ಲಿ ಅಮೆರಿಕೆಯ ಹಾರ್ವರ್ಡಿನ ಯಂತ್ರವೊಂದು ತಪ್ಪಿದಾಗ ಒಳಗೆ ನಿಜವಾಗಿಯೂ ಪತಂಗವೊಂದು ಸಿಕ್ಕಿತು. ಅವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಯೇ ಇಟ್ಟರು.

"ಪತಂಗದಿಂದ ನಮಗೆ ರೇಷ್ಮೆ, ಅವರಿಗೆ ತಲೆನೋವು" ಎಂದು ವೃದ್ಧರು ನಕ್ಕರು.

ಗುಂಡಿ ಒತ್ತಿದಾಗ ಯಂತ್ರ ಒಂದೇ ಸಾರಿ ಚಿಕ್ಕದಾಗಿ ಕೂಗಿತು, ತೆರೆ ಬೆಳಗಿತು. ಅದರ ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರುತ್ತಿತ್ತು. ಯಂತ್ರ ಆರಿದಾಗಲೂ ಕಾಲವನ್ನು ಎಣಿಸಲು ಒಳಗಿರುವ, ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಸೋತಿತ್ತು. ಅದಕ್ಕೆ ದೊಡ್ಡ ವೆಚ್ಚವೇನಿಲ್ಲ. ಬ್ಯಾಟರಿಯನ್ನು ಬದಲಿಸಿ, ತಾರೀಖನ್ನು ತಿದ್ದಿದರಾಯಿತು.

ಅಂಚಿನ ನಕ್ಷೆ ತೆರೆಯ ಮೇಲೆ ಮೂಡಿದಾಗ ಅಳಿಯಂದಿರ ಮುಖದಲ್ಲಿ ಸಂತೋಷಕ್ಕಿಂತ ಭಯವೇ ಹೆಚ್ಚಾಗಿ ಕಂಡಿತು. ನಿನ್ನೆಯ ದಿನ ಅವರು ಪೆಟ್ಟಿಗೆಯನ್ನು ಅಂಗಡಿಗೆ ಒಪ್ಪಿಸಿಬಿಟ್ಟಿದ್ದರೆ ಡಿಸ್ಕೂ ಅದರೊಡನೆ ಹೋಗುತ್ತಿತ್ತು. ಮದರ್‌ಬೋರ್ಡ್ ನಿಜವಾಗಿ ಸತ್ತಿದ್ದರೂ ಡಿಸ್ಕಿನ ನೆನಪು ಅದರೊಡನೆ ಸಾಯುವುದಿಲ್ಲ. ಸಾಮಾನ್ಯವಾಗಿ ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಓದಬಹುದು. ಹಳೆಯ ಯಂತ್ರವನ್ನು ಕೊಡುವ ಪ್ರತಿ ಮನೆಯವರೂ ಡಿಸ್ಕನ್ನು ಮೊದಲು ತೆಗೆದಿಟ್ಟುಕೊಳ್ಳಬೇಕೆಂಬುದು ಇದಕ್ಕಾಗಿಯೇ.

"ಇದನ್ನು ಇಲ್ಲೊಂದೇ ಕಡೆ ಬಿಡಬೇಡ ತಾಯಿ" ಎಂದರು ವೃದ್ಧರು. "ಅಶೋಕ ಚಕ್ರವರ್ತಿಗೆ ಇದ್ದ ಬುದ್ಧಿ ನಮಗೆ ಬೇಡವೇ?"

ಮೊಳಕಾಲ್ಮೂರಿನವರಿಗೆ ಆ ದೃಷ್ಟಾಂತ ದೂರದ್ದಲ್ಲ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ನೆಲೆಗಳ ಬಂಡೆಗಳ ಮೇಲೆ ಅಶೋಕನ ಒಂದೇ ಆಜ್ಞೆಯ ಪ್ರತಿಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಜಟಿಂಗರಾಮೇಶ್ವರದ ಪ್ರತಿ ಬಹಳವಾಗಿ ಸವೆದುಹೋಗಿದೆ. ಆದರೂ ಆಜ್ಞೆ ಕಳೆದುಹೋಗಲಿಲ್ಲ, ಏಕೆಂದರೆ ಉಳಿದೆರಡು ನೆಲೆಗಳ ಬಂಡೆಗಳು ಅದನ್ನು ನೆನಪಿಟ್ಟುಕೊಂಡಿದ್ದವು. ಕಲ್ಲನ್ನೇ ನಂಬದೆ ಮೂರು ಕಡೆ ಬರೆಯಿಸಿದ ದೇಶದಲ್ಲಿ, ಜನರು ತಮ್ಮ ಮನೆಯ ಚಿತ್ರ, ಪತ್ರ, ಲೆಕ್ಕಗಳನ್ನು ತಿರುಗುವ ಒಂದು ತಗಡನ್ನು ನಂಬಿ ಬಿಡುತ್ತಾರೆ.

ಸಂಜೆಯ ಬಸ್ಸಿಗೆ ವೃದ್ಧರು ಹೊರಟಾಗ ನಕ್ಷೆಗಳ ಒಂದು ಪ್ರತಿ ಅವರ ಜೇಬಿನ ಪೆನ್ ಡ್ರೈವಿನಲ್ಲಿತ್ತು. ಇನ್ನೊಂದು ಚಳ್ಳಕೆರೆಯ ಯಂತ್ರದಲ್ಲಿ, ಮತ್ತೊಂದು ಬೇರೊಂದು ಡಿಸ್ಕಿನಲ್ಲಿ ಬೀರು ಸೇರಿತ್ತು. ಮದುವೆಯ ಅಂಚನ್ನು ಮಾತ್ರ ಮೊಮ್ಮಗಳು ಕಾಗದದ ಮೇಲೂ ಅಚ್ಚು ಹಾಕಿ ಕೊಟ್ಟಿದ್ದಳು. ಬಸ್ಸು ಹೊರಟ ಮೇಲೂ ವೃದ್ಧರು ಅದನ್ನು ಮಡಿಲಲ್ಲಿ ಹರಡಿಕೊಂಡು, ಚೌಕುಳಿಗಳನ್ನು ಬೆರಳಿನಿಂದ ಎಣಿಸುತ್ತಿದ್ದರು.